ಹಳೇ ಪೇಟೆಯ ಊರಲ್ಲಿ ಒಂದು ರಾತ್ರಿ: ಕ್ಯಾರವಾನ್ ತಂಗಿಸುವ ಕ್ರಮ

ಹೆದ್ದಾರಿ ಬಿಟ್ಟು ಒಂದು ರಾತ್ರಿಯ ಮಟ್ಟಿಗೆ ಹಳೇ ಊರಿನ ಕಡೆ ತಿರುಗುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಒಂದೇ: ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಊರ ಹೊರಗೆ ನಿಲ್ಲಬೇಕು, ಊರೊಳಗೆ ಕಾಲ್ನಡಿಗೆಯಲ್ಲಿ ಹೋಗಬೇಕು. ಅಲ್ಲಿನ ಬೀದಿಗಳು ಹುಟ್ಟಿದ್ದು ಕುದುರೆ ಗಾಡಿ, ಎತ್ತಿನ ಗಾಡಿಗಳ ಕಾಲದಲ್ಲಿ. ಕಾರು ಮತ್ತು ಕ್ಯಾರವಾನ್ ಸೇರಿದರೆ ಉದ್ದ ಸುಮಾರು 11ರಿಂದ 13 ಮೀಟರ್, ಅಗಲ 2.3ರಿಂದ 2.5 ಮೀಟರ್, ಎತ್ತರ 2.6ರಿಂದ 3 ಮೀಟರ್. ಇಷ್ಟು ದೊಡ್ಡದನ್ನು ಪೇಟೆಯೊಳಗೆ ತಂದರೆ ನೋಡಲು ಬಂದ ಊರನ್ನೇ ನೋಡಲಾಗುವುದಿಲ್ಲ, ಕಣ್ಣೆಲ್ಲ ಕನ್ನಡಿಯ ಮೇಲೇ ಇರುತ್ತದೆ. ಹೊರಗೆ ನಿಲ್ಲಿಸುವುದನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ಅರ್ಧ ಗಂಟೆಯ ಕೆಲಸ. ಆಮೇಲೆ ಸಂಜೆಯೂ ಬೆಳಗೂ ನಿಮ್ಮವೇ.

ಹೊರಡುವ ಮೊದಲು ಅಳತೆ

ಕಂಪನಿ ಕೊಟ್ಟ ಕಾಗದದಲ್ಲಿರುವ ಎತ್ತರವನ್ನು ನಂಬಬೇಡಿ. ಆಮೇಲೆ ಕೂರಿಸಿದ ಏಸಿ, ಆಂಟೆನಾ, ಸೋಲಾರ್ ಫಲಕ ಯಾವುದೂ ಅದರಲ್ಲಿ ಸೇರಿರುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಕಾರಿಗೆ ಹೂಡಿದ ಸ್ಥಿತಿಯಲ್ಲೇ, ನೆಲದಿಂದ ಅತಿ ಎತ್ತರದ ಭಾಗದವರೆಗೆ ಟೇಪ್ ಹಿಡಿದು ಅಳೆಯಿರಿ. ಅದಕ್ಕೆ 10 ಸೆಂ.ಮೀ. ಸೇರಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ. ಅಗಲವನ್ನೂ, ಸಾಮಾನು ತುಂಬಿದ ಕಾರು ಮತ್ತು ಕ್ಯಾರವಾನಿನ ಒಟ್ಟು ತೂಕವನ್ನೂ ಅದರ ಕೆಳಗೇ ಬರೆಯಿರಿ. ಹಳೇ ಸೇತುವೆಯ ಫಲಕದಲ್ಲಿರುವ ತೂಕದ ಮಿತಿಯನ್ನು ಹೋಲಿಸಬೇಕಾದ್ದು ಈ ಒಟ್ಟು ತೂಕಕ್ಕೆ, ಕ್ಯಾರವಾನಿನ ತೂಕಕ್ಕೆ ಮಾತ್ರ ಅಲ್ಲ.

ಕಮಾನುಗಳ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಕೋಟೆ ಬಾಗಿಲಿಗೋ ಹಳೇ ರೈಲು ಸೇತುವೆಗೋ ಬರೆದ ಎತ್ತರ ಹಲವು ಕಡೆ ಕಮಾನಿನ ನಡುಮಧ್ಯದ್ದಾಗಿರುತ್ತದೆ. ಕ್ಯಾರವಾನಿನ ತಲೆ ಗುಂಡಗಿಲ್ಲ, ಚೌಕ. ನಡುವೆ ಅರ್ಧ ಮೀಟರ್ ಬಿಡುವಿದ್ದರೂ, ನಡುವಿನಿಂದ 1.2 ಮೀಟರ್ ಆಚೆ ಇರುವ ಮೇಲ್ಮೂಲೆ ಕಲ್ಲಿಗೆ ತಾಗಬಹುದು. ಕಮಾನಿರುವ ದಾರಿ ಬಿಟ್ಟು ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ.

ಇನ್ನೊಂದು ಸಂಗತಿ ರಸ್ತೆಯ ಓರೆ. ಹಳೇ ಬೀದಿಗಳು ನಡುವೆ ಉಬ್ಬಿ, ಅಂಚಿನ ಚರಂಡಿಯತ್ತ ಇಳಿಜಾರಾಗಿರುತ್ತವೆ. ಅಂಚಿಗೆ ಸರಿದ ಕ್ಯಾರವಾನ್ ಕೇವಲ 3 ಡಿಗ್ರಿ ವಾಲಿದರೂ 2.6 ಮೀಟರ್ ಎತ್ತರದಲ್ಲಿ ಅದರ ತಲೆ ಸುಮಾರು 14 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಚಕ್ರ ಪಾದಚಾರಿ ಕಟ್ಟೆಯಿಂದ ದೂರವೇ ಇರುತ್ತದೆ, ಮೇಲಿನ ಮೂಲೆ ಮಾತ್ರ ಯಾರದೋ ಜಗಲಿ ಕಂಬಕ್ಕೋ ಚಾಚಿದ ಸೂರಿಗೋ ಬಡಿಯುತ್ತದೆ. ಪೇಟೆ ಬೀದಿಯಲ್ಲಿ ಹಾದುಹೋಗಲೇಬೇಕಾದರೆ ಎದುರಿನ ವಾಹನ ಇಲ್ಲದಾಗ ನಡುರಸ್ತೆ ಹಿಡಿದು ನಿಧಾನವಾಗಿ ಹೋಗಿ.

ಫೋನಿನ ನಕ್ಷೆ ಸಾಮಾನ್ಯವಾಗಿ ಕಾರಿಗೆ ದಾರಿ ತೋರಿಸುತ್ತದೆ, ಹಿಂದೆ ಕಟ್ಟಿಕೊಂಡಿರುವುದು ಅದಕ್ಕೆ ಗೊತ್ತಿಲ್ಲ. ಅದು ಹೇಳುವ ಹತ್ತಿರದ ದಾರಿ ಎಂದರೆ ಎಷ್ಟೋ ಸಲ ಹಳೇ ಪೇಟೆಯ ನಟ್ಟನಡುವಿನ ದಾರಿ. ಉಪಗ್ರಹ ಚಿತ್ರ ತೆರೆದು ತಂಗುವ ಜಾಗವನ್ನು ಮೊದಲು ಗುರುತಿಸಿ, ಬೈಪಾಸಿನಿಂದ ಅದೇ ಮಗ್ಗುಲಿಗೆ ಇಳಿಯುವ ರಸ್ತೆಯನ್ನು ಆರಿಸಿ, ನಡುವೆ ಒಂದು ಬಿಂದು ಇಟ್ಟು ನಕ್ಷೆಯನ್ನು ಆ ದಾರಿಗೇ ಒತ್ತಾಯಿಸಿ. ತಿರುವು ತಪ್ಪಿದರೆ ಎಲ್ಲಿ ಹೊರಳಿಸಿಕೊಳ್ಳಬಹುದು ಎಂಬುದನ್ನೂ ಆಗಲೇ ನೋಡಿಟ್ಟುಕೊಳ್ಳಿ. ದೊಡ್ಡ ವೃತ್ತ, ಕ್ರೀಡಾಂಗಣದ ಬಯಲು, ಊರಾಚೆಯ ಸಂತೆ ಮೈದಾನ ಇದಕ್ಕೆ ಒಳ್ಳೆಯವು. ಕೆಲವು ದೇಶಗಳಲ್ಲಿ ಹಳೇ ಪೇಟೆಯೊಳಗೆ ಹೊರಗಿನ ವಾಹನಕ್ಕೆ ಪ್ರವೇಶವೇ ಇಲ್ಲ. ಇಟಲಿಯ ಊರುಗಳಲ್ಲಿ ಜೆಡ್‌ಟಿಎಲ್ (ಸಂಚಾರ ನಿರ್ಬಂಧಿತ ವಲಯ) ಎಂದು ಫಲಕ ಹಾಕಿದ ಗಡಿ ದಾಟಿದರೆ ಕ್ಯಾಮೆರಾ ನಂಬರ್ ಪ್ಲೇಟನ್ನು ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರವೂ ಮನೆಗೆ ಬರಬಹುದು.

ಜಾಗ ಗೊತ್ತುಮಾಡುವಾಗ ಕೇಳಬೇಕಾದದ್ದು

ಪೇಟೆಯಿಂದ 1ರಿಂದ 2 ಕಿ.ಮೀ. ಒಳಗಿರುವ ಕ್ಯಾರವಾನ್ ಪಾರ್ಕ್ ಆದರೆ ತುಂಬ ಅನುಕೂಲ. ಅದಕ್ಕಿಂತ ಹತ್ತಿರದಲ್ಲಿ ಸಿಕ್ಕರೆ ಸಂತೋಷವೇ, ಆದರೆ ಗಡಿಯಾರ ಗೋಪುರದ ಗಂಟೆ ಕಿವಿಯ ಪಕ್ಕದಲ್ಲೇ ಬಾರಿಸುತ್ತದೆಯೇ ಎಂದು ವಿಚಾರಿಸಿ. ಫೋನ್ ಮಾಡಿದಾಗ "ಜಾಗ ಇದೆಯೇ" ಎಂದಷ್ಟೇ ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ, ಪ್ರಯೋಜನ ಇಲ್ಲ. ನಿಮ್ಮ ಒಟ್ಟು ಉದ್ದವನ್ನು ಮೊದಲು ಹೇಳಿ, ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವಂಥ ಜಾಗ ಇದೆಯೇ ಎಂದು ಕೇಳಿ. ಒಂದೇ ರಾತ್ರಿಯವರಿಗೆ ಅದು ಸಿಕ್ಕರೆ ಕಾರನ್ನು ಬಿಚ್ಚುವ ಕೆಲಸವೇ ಇರುವುದಿಲ್ಲ. ನೆಲ ಹುಲ್ಲೋ ಜಲ್ಲಿಯೋ, ಕ್ಯಾರವಾನಿಗೆ ಕರೆಂಟು ಕೊಡುವ ಪ್ಲಗ್ಗಿನ ಕಂಬ ಎಷ್ಟು ದೂರ, ಎಷ್ಟು ಆಂಪಿಯರ್, ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ಟಿನ ಕೆಳಗಿನ, ಹೊರಗೆ ಎಳೆದು ತೆಗೆಯುವ ತೊಟ್ಟಿ) ಖಾಲಿ ಮಾಡುವ ಜಾಗ ಇದೆಯೇ, ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ, ಮುರಿದು ಬೀಳುವಂಥ ಕೊಂಬೆಗಳಿವೆಯೇ, ಇವಿಷ್ಟನ್ನೂ ಒಂದೇ ಕರೆಯಲ್ಲಿ ಮುಗಿಸಿ. ಊರಿನ ಸಂತೆಯ ದಿನವನ್ನೂ ಕೇಳಿ. ಸಂತೆ ನೋಡಲು ಚೆಂದ, ಆದರೆ ಅಂದು ಬೆಳಗ್ಗೆ ರಸ್ತೆಗಳನ್ನು ಮುಚ್ಚುತ್ತಾರೆ, ಹಾಗಾಗಿ ಹಿಂದಿನ ದಿನವೇ ತಲುಪಬೇಕಾಗುತ್ತದೆ.

ತಲುಪುವ ಹೊತ್ತು ಮಧ್ಯಾಹ್ನ 2ರಿಂದ 4 ಗಂಟೆ. ಕತ್ತಲಾದ ಮೇಲೆ ಹಿಂದಕ್ಕೆ ತೆಗೆಯುವ ಕೆಲಸ ಎರಡು ಪಟ್ಟು ಕಷ್ಟ, ಸಂಜೆಯ ನಡಿಗೆಯೂ ಹೋಗುತ್ತದೆ. ಇಂಧನವನ್ನು ಹೆದ್ದಾರಿಯ ದೊಡ್ಡ ಬಂಕಿನಲ್ಲೇ ತುಂಬಿಸಿಕೊಂಡು ಬನ್ನಿ. ಹಳೇ ಊರಿನ ಚಿಕ್ಕ ಬಂಕಿನಲ್ಲಿ ಹೊಕ್ಕರೆ ಹೊರಳಲು ಜಾಗ ಇರುವುದಿಲ್ಲ, ಚಾವಣಿಯೂ ತಗ್ಗಾಗಿರಬಹುದು.

ಇಷ್ಟಾದರೂ ಓಣಿಯಲ್ಲಿ ಸಿಕ್ಕಿಕೊಂಡರೆ, "ಮುಂದೆ ಅಗಲ ಆಗಬಹುದು" ಎಂದುಕೊಂಡು ಮುಂದುವರಿಯಬೇಡಿ. ನಿಂತ ಜಾಗದಲ್ಲೇ ಎಚ್ಚರಿಕೆಯ ದೀಪ ಹಾಕಿ. ಒಬ್ಬರು ಇಳಿದು ಮುಂದಿನ ತಿರುವಿನವರೆಗೆ ನಡೆದು ನೋಡಿ ಬರಲಿ. ಆಗದಿದ್ದರೆ ಹಿಂದಿನ ವಾಹನಗಳನ್ನು ತಡೆಯಲು ಒಬ್ಬರು, ಕ್ಯಾರವಾನಿನ ಬಾಲ ನೋಡಲು ಒಬ್ಬರು ನಿಂತು ಹಿಂದಕ್ಕೆ ಬನ್ನಿ. ನೆಲ ಪೂರ್ತಿ ಸಮವಾಗಿದ್ದರೆ ಮಾತ್ರ ಕಾರಿನಿಂದ ಬಿಚ್ಚಿ, ನಾಲ್ಕೈದು ಜನ ಸೇರಿ ಕ್ಯಾರವಾನನ್ನು ಕೈಯಿಂದಲೇ ತಿರುಗಿಸಬಹುದು. ಅದರ ಹ್ಯಾಂಡ್‌ಬ್ರೇಕಿನ ಮೇಲೆ ಒಬ್ಬರ ಕೈ ಸದಾ ಇರಬೇಕು. ಇಳಿಜಾರಿದ್ದರೆ ಆ ಯೋಚನೆಯನ್ನೇ ಬಿಡಿ. 1,500 ಕೆ.ಜಿ.ಯ ಗಾಡಿ ಒಮ್ಮೆ ಉರುಳಲು ಶುರುವಾದರೆ ಮನುಷ್ಯರಿಂದ ನಿಲ್ಲುವುದಿಲ್ಲ.

ಹಿಂದಕ್ಕೆ ತೆಗೆಯುವುದು

ಜಾಗದೊಳಗೆ ಹಿಂದಕ್ಕೆ ಹೋಗಲೇಬೇಕಾದರೆ, ಆ ಜಾಗ ಚಾಲಕ ಕೂತ ಬದಿಗೆ ಬರುವಂತೆ ಸುತ್ತಿ ಬನ್ನಿ. ಆಗ ತಲೆ ಹೊರಗಿಟ್ಟು ಕ್ಯಾರವಾನಿನ ಹಿಂಚಕ್ರ, ಹಿಂಮೂಲೆ ಎರಡನ್ನೂ ನೇರ ನೋಡಬಹುದು. ಸ್ಟೀರಿಂಗಿನ ಕೆಳಭಾಗವನ್ನು ಒಂದು ಕೈಯಲ್ಲಿ ಹಿಡಿಯಿರಿ. ಕ್ಯಾರವಾನಿನ ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆಗೇ ಹೋಗಲಿ. ಇಷ್ಟು ನೆನಪಿಟ್ಟುಕೊಂಡರೆ ಎಡ ಬಲದ ಗೊಂದಲ ಹೋಗುತ್ತದೆ.

ಸ್ಟೀರಿಂಗನ್ನು ಸ್ವಲ್ಪವೇ ತಿರುಗಿಸಿ. ಕ್ಯಾರವಾನ್ ತಿರುಗಲು ಶುರುಮಾಡಿದ ಕೂಡಲೇ ಕೈಯನ್ನು ವಾಪಸು ತಂದು, ಕಾರು ಅದರ ಹಿಂದೆಯೇ ಹೋಗುವಂತೆ ಮಾಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಗಾಡಿ ತಿರುಗುವವರೆಗೆ ಸ್ಟೀರಿಂಗನ್ನು ಹಾಗೇ ಹಿಡಿದಿರುತ್ತಾರೆ, ಅಷ್ಟರಲ್ಲಿ ಕಾರು ಕ್ಯಾರವಾನ್‌ಗಳ ನಡುವಿನ ಕೋನ ಮೀರಿಹೋಗಿ ಎರಡೂ ಮಡಚಿಕೊಳ್ಳುತ್ತವೆ. ಹಾಗೆ ಮಡಚಿಕೊಂಡದ್ದನ್ನು ಹಿಂದಕ್ಕೆ ಹೋಗುತ್ತಾ ಸರಿಮಾಡಲು ಆಗುವುದಿಲ್ಲ. ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರುಮಾಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಹಿಂದೆ ನಿಂತು ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಅವರು ಕಾಣದ ಕ್ಷಣ ಬ್ರೇಕ್ ಒತ್ತಬೇಕು, ಈ ನಿಯಮವನ್ನು ಮೊದಲೇ ಮಾತಾಡಿಕೊಳ್ಳಿ.

ಮಟ್ಟ ಮಾಡುವುದು

ಕ್ರಮ ಹೀಗೆ: ಮೊದಲು ಅಡ್ಡ ಮಟ್ಟ, ಆಮೇಲೆ ಚಕ್ರಕ್ಕೆ ಅಡೆ, ಆಮೇಲೆ ಬಿಚ್ಚುವುದು, ಕೊನೆಗೆ ಉದ್ದ ಮಟ್ಟ. ಕಾರಿನಿಂದ ಬಿಚ್ಚಿದ ಮೇಲೆ ಅಡ್ಡ ಮಟ್ಟ ಮಾಡಲು ಹೊರಟರೆ ಮತ್ತೆ ಹೂಡಬೇಕಾಗುತ್ತದೆ.

ಕ್ಯಾರವಾನಿನ ನೆಲದ ಮೇಲೆ ರಸಮಟ್ಟವನ್ನು ಅಡ್ಡಲಾಗಿ ಇಡಿ. ಎರಡು ಚಕ್ರಗಳ ನಡುವಿನ ದೂರ 2 ಮೀಟರ್ ಇದ್ದರೆ, 1 ಡಿಗ್ರಿ ಓರೆ ಸರಿಪಡಿಸಲು ತಗ್ಗಿನ ಚಕ್ರವನ್ನು 3.5 ಸೆಂ.ಮೀ. ಎತ್ತಬೇಕು. ಅಷ್ಟು ಎತ್ತರದ ಮೆಟ್ಟಿಲ ಹಲಗೆಯನ್ನು ಆ ಚಕ್ರದ ಮುಂದಿಟ್ಟು ಕಾರಿನಿಂದ ನಿಧಾನವಾಗಿ ಎಳೆಯಿರಿ. ಒಂದು ಬದಿಗೆ ಎರಡು ಚಕ್ರಗಳಿರುವ ಗಾಡಿಯಲ್ಲಿ ಎರಡರ ಕೆಳಗೂ ಹಲಗೆ ಇರಬೇಕು, ಇಲ್ಲದಿದ್ದರೆ ಭಾರವೆಲ್ಲ ಒಂದೇ ಟೈರಿನ ಮೇಲೆ ಬೀಳುತ್ತದೆ. ಮಟ್ಟ ಸಿಕ್ಕ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದ ಮುಂದೆ ಹಿಂದೆ ಎರಡೂ ಕಡೆ ಅಡೆ ಕೊಡಿ. ಈಗ ಬಿಚ್ಚಿ. ಕ್ಯಾರವಾನಿನ ಮೂತಿಯನ್ನು ಹೊರುವ ಚಿಕ್ಕ ಜಾಕಿ ಚಕ್ರವನ್ನು ಏರಿಸಿ ಇಳಿಸಿ ಉದ್ದ ಮಟ್ಟ ಮಾಡಿ.

ನಾಲ್ಕು ಮೂಲೆಯ ಕಾಲುಗಳು ಕಡೆಗೆ. ಅವುಗಳ ಕೆಳಗೆ ಮರದ ತುಂಡು ಇಟ್ಟು, ನೆಲ ಮುಟ್ಟಿದ ಮೇಲೆ ಅರ್ಧ ಸುತ್ತು ಬಿಗಿ ಮಾಡಿದರೆ ಸಾಕು. ಅವಿರುವುದು ಅಲುಗಾಟ ತಡೆಯಲು, ಭಾರ ಎತ್ತಲು ಅಲ್ಲ. ಕಾಲುಗಳಿಂದ ಗಾಡಿಯನ್ನೇ ಎತ್ತಿದರೆ ಚೌಕಟ್ಟು ತಿರುಚಿಕೊಂಡು ಬಾಗಿಲು ಸಿಕ್ಕಿಕೊಳ್ಳುತ್ತದೆ. ನೆಲ ತಾನಾಗೇ ಮಟ್ಟವಾಗಿದ್ದು ಒಂದೇ ರಾತ್ರಿಯಾದರೆ ಬಿಚ್ಚದೆಯೇ ಇರಬಹುದು. ಹ್ಯಾಂಡ್‌ಬ್ರೇಕ್, ಅಡೆ, ಮೂಲೆ ಕಾಲು ಇಷ್ಟು ಸಾಕು.

ಮಟ್ಟಕ್ಕೆ ಇಷ್ಟು ಮಹತ್ವ ಮಲಗುವಾಗ ತಲೆ ಕೆಳಗಾಗದಿರಲಿ ಎಂದಷ್ಟೇ ಅಲ್ಲ, ಫ್ರಿಜ್ಜಿನ ಸಲುವಾಗಿ. ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಕ್ಯಾರವಾನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಶಾಖದಿಂದ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ದ್ರವವಾಗಿ ತನ್ನ ಭಾರದಿಂದಲೇ ಕೆಳಗೆ ಹರಿದು ಬರುತ್ತದೆ. ಗಾಡಿ ಗಂಟೆಗಟ್ಟಲೆ ವಾಲಿ ನಿಂತರೆ ದ್ರವ ಕೊಳವೆಯ ತಗ್ಗಿನಲ್ಲಿ ನಿಂತುಬಿಡುತ್ತದೆ, ಬಾಯ್ಲರ್ ಒಣಗಿ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ಒಳಗೆ ಸೇರಿಸಿರುವ ರಾಸಾಯನಿಕ ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಆ ಹಾನಿಗೆ ರಿಪೇರಿ ಇಲ್ಲ, ತಣಿಸುವ ಘಟಕವನ್ನೇ ಬದಲಿಸಬೇಕು. ಓಡುವಾಗ ಕುಲುಕಾಟದಿಂದ ದ್ರವ ಹರಿಯುತ್ತಲೇ ಇರುವುದರಿಂದ ತೊಂದರೆ ಆಗುವುದಿಲ್ಲ, ಅಪಾಯವೆಲ್ಲ ನಿಂತಾಗಲೇ. ಕಂಪ್ರೆಸರ್ ಫ್ರಿಜ್ಜಿಗೆ ಈ ಚಿಂತೆ ಅಷ್ಟಿಲ್ಲ.

ಗ್ಯಾಸು, ಕಂಬದ ಕರೆಂಟು, ಬ್ಯಾಟರಿಯ 12 ವೋಲ್ಟ್ ಈ ಮೂರರಲ್ಲೂ ನಡೆಯುವ ಫ್ರಿಜ್ಜನ್ನು 12 ವೋಲ್ಟಿನಲ್ಲಿ ನಡೆಸುವುದು ಎಂಜಿನ್ ಓಡುವಾಗ ಮಾತ್ರ. ಅದು 10ರಿಂದ 15 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಸುಮಾರು 50. ಊರು ನೋಡಿಕೊಂಡು ನಾಲ್ಕೈದು ಗಂಟೆ ಬಿಟ್ಟು ಬರುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಗ್ಯಾಸಿಗೋ ಕಂಬದ ಕರೆಂಟಿಗೋ ಬದಲಿಸಿ.

ಕರೆಂಟು, ಗ್ಯಾಸು

ಕೇಬಲನ್ನು ಮೊದಲು ಕ್ಯಾರವಾನಿಗೆ ಸಿಕ್ಕಿಸಿ, ನಂತರ ಕಂಬಕ್ಕೆ. ಬಿಚ್ಚುವಾಗ ತಿರುಗುಮುರುಗು: ಮೊದಲು ಕಂಬ. ಹೀಗೆ ಮಾಡಿದರೆ ಕೈಯಲ್ಲಿ ಹಿಡಿದ ತುದಿಯಲ್ಲಿ ಯಾವತ್ತೂ ಕರೆಂಟು ಇರುವುದಿಲ್ಲ. ಕಂಬ ಹತ್ತಿರವೇ ಇದ್ದರೂ ಕೇಬಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ನೆಲದ ಮೇಲೆ ಸಡಿಲವಾಗಿ ಹರಡಿ. ಸುತ್ತಿಟ್ಟ ಕೇಬಲಿನ ಶಾಖ ಹೊರಹೋಗಲು ದಾರಿ ಇಲ್ಲದೆ ಒಳಸುತ್ತುಗಳ ಹೊದಿಕೆ ಕರಗುತ್ತದೆ. ಸಿಕ್ಕಿಸಿದ ಮೇಲೆ ಆಘಾತ ತಡೆಯುವ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿ ನೋಡಿ. ಟಪ್ ಎಂದು ಬೀಳಬೇಕು. ಬೀಳದಿದ್ದರೆ ಆ ರಾತ್ರಿ ಕರೆಂಟು ಬಳಸಬೇಡಿ.

230 ವೋಲ್ಟ್, 10 ಆಂಪಿಯರ್ ಎಂದರೆ 2,300 ವಾಟ್. 2,000 ವಾಟಿನ ಕೆಟಲೂ 1,000 ವಾಟಿನ ಹೀಟರೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಕೆಲವು ಪಾರ್ಕುಗಳಲ್ಲಿ ಮುಖ್ಯ ಸ್ವಿಚ್ಚು ಇರುವುದು ಆಫೀಸಿನ ಒಳಗೆ, ರಾತ್ರಿ ಅದು ಬೀಗ ಹಾಕಿರುತ್ತದೆ. ಒಂದಾದ ಮೇಲೆ ಒಂದು ಬಳಸಿ, ಅಥವಾ ಕಡಿಮೆ ವಾಟಿನ ಕೆಟಲ್ ಇಟ್ಟುಕೊಳ್ಳಿ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ಅದಕ್ಕೇ ಕ್ಯಾರವಾನಿನ ತಳದಲ್ಲಿ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಚಳಿ ಬರುತ್ತದೆಂದು ಅವುಗಳಿಗೆ ಬಟ್ಟೆ ತುರುಕಬೇಡಿ. ಸಿಲಿಂಡರ್ ತೆರೆದ ಮೇಲೆ ಜೋಡಣೆಗಳಿಗೆ ಸೋಪು ನೀರು ಸವರಿ, ಗುಳ್ಳೆ ಎದ್ದರೆ ಮುಚ್ಚಿ. ಚಳಿಗಾಲದ ಪ್ರಯಾಣಕ್ಕೆ ಪ್ರೊಪೇನ್ ಬೇಕು. ಬ್ಯೂಟೇನ್ -0.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆವಿಯಾಗುವುದೇ ಇಲ್ಲ, ಪ್ರೊಪೇನ್ -42ರವರೆಗೂ ಕೆಲಸ ಮಾಡುತ್ತದೆ. ಒಲೆ ಹಚ್ಚಿ ಗಾಡಿಯೊಳಗೆ ಬೆಚ್ಚಗೆ ಮಾಡಿಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಮಲಗುವ ಜಾಗದ ಹತ್ತಿರ ಇರಲಿ, ಬ್ಯಾಟರಿ ನೋಡಿಕೊಳ್ಳಿ.

ನೀರು, ಬಚ್ಚಲು, ಟಾಯ್ಲೆಟ್

ಅಡುಗೆ, ಕುಡಿಯಲು, ಮುಖ ತೊಳೆಯಲು ಇಬ್ಬರಿಗೆ ಒಂದು ರಾತ್ರಿಗೆ 15ರಿಂದ 20 ಲೀಟರ್ ಸಾಕು. ಸ್ನಾನ ಪಾರ್ಕಿನಲ್ಲೇ ಆಗಲಿ. 1 ಲೀಟರ್ ಎಂದರೆ 1 ಕೆ.ಜಿ. ಎಂಬುದು ನೆನಪಿರಲಿ. ಟಾಯ್ಲೆಟ್ ಖಾಲಿ ಮಾಡುವ ಜಾಗದ ಪಕ್ಕದ ನಲ್ಲಿಯಿಂದ ಕುಡಿಯುವ ನೀರು ಹಿಡಿಯಲೇಬೇಡಿ. ಆ ನಲ್ಲಿಯ ಬಾಯಿಗೆ ಕ್ಯಾಸೆಟ್ ತಾಗಿಸಿ ತೊಳೆಯುವವರಿದ್ದಾರೆ.

ಬಚ್ಚಲು ನೀರನ್ನು ರಸ್ತೆ ಬದಿಯ ಮೋರಿಗೆ ಬಿಡಬೇಡಿ. ಮಳೆನೀರಿನ ಮೋರಿ ಹೆಚ್ಚಾಗಿ ಶುದ್ಧೀಕರಣವಿಲ್ಲದೆ ನೇರ ಹೊಳೆಗೇ ಹೋಗುತ್ತದೆ. ಕೊಳವೆಯ ಕೆಳಗೆ ಬಕೆಟ್ ಇಟ್ಟು, ತುಂಬಿದಾಗ ಗೊತ್ತಾದ ಜಾಗದಲ್ಲಿ ಸುರಿಯಿರಿ. ತಟ್ಟೆಗಳನ್ನು ತೊಳೆಯುವ ಮೊದಲು ಕಾಗದದಿಂದ ಜಿಡ್ಡು ಒರೆಸಿದರೆ ಬಕೆಟ್ಟೂ ನಾರುವುದಿಲ್ಲ.

ಕ್ಯಾಸೆಟ್ ಹಿಡಿಯುವುದು 17ರಿಂದ 20 ಲೀಟರ್, ಇಬ್ಬರಿಗೆ ಎರಡು ಮೂರು ದಿನ. ಖಾಲಿ ಮಾಡುವಾಗ ಗಾಳಿಯ ಗುಂಡಿಯನ್ನು ಒತ್ತಿ ಹಿಡಿದೇ ಸುರಿಯಿರಿ, ಇಲ್ಲದಿದ್ದರೆ ಗುಳುಗುಳು ಎಂದು ಚಿಮ್ಮುತ್ತದೆ. ನೀರು ಹಾಕಿ ಕುಲುಕಿ ಎರಡು ಮೂರು ಸಲ ತೊಳೆದು, ಔಷಧದ ಜತೆ ಸುಮಾರು 2 ಲೀಟರ್ ನೀರು ಬಿಟ್ಟು ವಾಪಸು ಸೇರಿಸಿ. ಸಣ್ಣ ಊರಿನಲ್ಲಿ ಕೊಳಚೆ ಹೋಗುವುದು ಎಷ್ಟೋ ಕಡೆ ಸೆಪ್ಟಿಕ್ ಟ್ಯಾಂಕಿಗೆ. ಫಾರ್ಮಾಲ್ಡಿಹೈಡ್ ಇರುವ ಔಷಧ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಟ್ಯಾಂಕು ಕೆಲಸ ನಿಲ್ಲಿಸುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಒಗ್ಗುವ ಔಷಧವನ್ನೇ ಕೊಳ್ಳಿ. ರಬ್ಬರ್ ಸೀಲಿಗೆ ವ್ಯಾಸಲೀನ್, ಅಡುಗೆ ಎಣ್ಣೆ ಬೇಡ, ರಬ್ಬರ್ ಉಬ್ಬಿ ಸೋರುತ್ತದೆ. ಸಿಲಿಕೋನ್ ಸವರಿ.

ಊರೊಳಗೆ

ಮೇಲಿನದೆಲ್ಲ ಮುಗಿದ ಕೂಡಲೇ ಕ್ಯಾರವಾನನ್ನು ಕಾರಿಗೆ ಜೋಡಿಸುವ ಹಿಚ್ಚಿಗೆ ಬೀಗ ಹಾಕಿ, ಗೇಟು ತೆರೆಯುವ ಸಂಖ್ಯೆ ಬರೆದುಕೊಂಡು, ಟಾರ್ಚ್ ಹಿಡಿದು ಹೊರಡಿ. ಬಿಸಿಲು ಇಳಿಯುವ ಒಂದು ಗಂಟೆ ಮೊದಲು ಪೇಟೆಯ ಚೌಕ ತಲುಪುವಂತೆ ಲೆಕ್ಕ ಹಾಕಿ. ಓರೆ ಬೆಳಕಿನಲ್ಲಿ ಕಲ್ಲಿನ ಕೆತ್ತನೆ, ಅಳಿಸಿದ ಬರಹ ಎದ್ದು ಕಾಣುತ್ತವೆ. ನೋಡುವಾಗ ಕಣ್ಣು ಮೇಲಿರಲಿ. ನೆಲದ ಅಂಗಡಿ ಮುಂಗಟ್ಟನ್ನು ತಲೆಮಾರಿಗೊಮ್ಮೆ ಒಡೆದು ಕಟ್ಟುತ್ತಾರೆ, ಆದರೆ ಮೇಲಂತಸ್ತಿಗೆ ಕೈ ಹಾಕುವುದು ಕಡಿಮೆ. ಮೂಲ ಕಿಟಕಿ, ತೊಲೆ, ಕಟ್ಟಿದ ವರ್ಷ ಕೊರೆದ ಕಲ್ಲು ಅಲ್ಲೇ ಉಳಿದಿರುತ್ತದೆ. ಊರ ಸಣ್ಣ ವಸ್ತುಸಂಗ್ರಹಾಲಯಗಳನ್ನು ಸ್ವಯಂಸೇವಕರು ನಡೆಸುತ್ತಿದ್ದರೆ ವಾರದಲ್ಲಿ ಕೆಲವೇ ಮಧ್ಯಾಹ್ನ ತೆರೆದಿರುತ್ತವೆ, ಆದ್ದರಿಂದ ಅವನ್ನು ನೋಡುವ ಆಸೆಯಿದ್ದರೆ ಪ್ರಯಾಣದ ದಿನವನ್ನೇ ಅದಕ್ಕೆ ಹೊಂದಿಸಿಕೊಳ್ಳಬೇಕು. ಹಳೇ ಸ್ಮಶಾನ, ಹಳೇ ರೈಲು ನಿಲ್ದಾಣ, ಹೊಳೆಯ ಹಳೇ ದಾಟು ಇವಕ್ಕೆ ಬಾಗಿಲಿಲ್ಲ. ಊರು ಏಕೆ ಅಲ್ಲೇ ಬೆಳೆಯಿತು ಎಂಬುದು ಇವನ್ನು ನೋಡಿದರೆ ಅರ್ಥವಾಗುತ್ತದೆ. ಬೆಳಗಿನ ಸುತ್ತನ್ನು ಅಂಗಡಿ ತೆರೆಯುವ ಮುಂಚೆ ಮುಗಿಸಿ, ಆಗ ಬೀದಿಯಲ್ಲಿ ವಾಹನಗಳೇ ಇರುವುದಿಲ್ಲ.

ರಾತ್ರಿ ಜನರೇಟರ್ ಹಾಕಬೇಡಿ. ಕಲ್ಲಿನ ಗೋಡೆಗಳ ನಡುವೆ ಆ ಸದ್ದು ಬಹಳ ದೂರ ಹೋಗುತ್ತದೆ, ಅಲ್ಲಿ ಮಲಗುವವರು ಪ್ರವಾಸಿಗಳಲ್ಲ, ಆ ಊರಿನವರು.

ಹೊರಡುವ ಬೆಳಗ್ಗೆ

ಒಬ್ಬರು ಒಳಗೆ, ಒಬ್ಬರು ಹೊರಗೆ ಎಂದು ಕೆಲಸ ಹಂಚಿಕೊಳ್ಳಿ. ಒಬ್ಬರ ಕೆಲಸದ ನಡುವೆ ಇನ್ನೊಬ್ಬರು ಮಾತಿಗೆಳೆಯಬಾರದು, ಮರೆವು ಬರುವುದು ಆಗಲೇ. ಒಳಗೆ: ಚಾವಣಿಯ ಕಿಂಡಿ, ಕಿಟಕಿ, ಕಪಾಟು, ಫ್ರಿಜ್ಜಿನ ಚಿಲಕ, ನೀರಿನ ಪಂಪು. ಹೊರಗೆ: ಗ್ಯಾಸ್ ಸಿಲಿಂಡರ್ ಬಂದ್, ಕೇಬಲ್ ಮೊದಲು ಕಂಬದಿಂದ, ನೀರಿನ ಕೊಳವೆ, ಬಕೆಟ್, ಮೆಟ್ಟಿಲು, ಆಂಟೆನಾ, ಮೂಲೆ ಕಾಲುಗಳು, ಹಿಚ್ಚಿನ ಬೀಗ.

ಹೂಡಿದ ಮೇಲೆ ಜಾಕಿ ಚಕ್ರವನ್ನು ಮತ್ತೆ ಕೆಳಗೆ ತಿರುಗಿಸಿ ಕಾರಿನ ಹಿಂಭಾಗ 3-4 ಸೆಂ.ಮೀ. ಎದ್ದೇಳುತ್ತದೆಯೇ ನೋಡಿ. ಎದ್ದರೆ ಹಿಚ್ಚು ಕಾರಿನ ಹಿಂದಿರುವ ಗುಂಡನ್ನು ಕಚ್ಚಿದೆ ಎಂದರ್ಥ. ಕಚ್ಚದಿದ್ದರೆ ಕಾರು ಅಲ್ಲೇ ಇದ್ದು ಹಿಚ್ಚು ಮಾತ್ರ ಮೇಲೇಳುತ್ತದೆ. ನೋಡಲು ಸರಿಯಾಗಿ ಕೂತಂತೆ ಕಂಡ ಹಿಚ್ಚು ಮೊದಲ ಉಬ್ಬಿನಲ್ಲೇ ಕಳಚುವುದುಂಟು, ಆದ್ದರಿಂದ ಈ ಪರೀಕ್ಷೆಯನ್ನು ಒಮ್ಮೆಯೂ ಬಿಡಬೇಡಿ. ಸರಪಳಿ ಎರಡಿದ್ದರೆ ಹಿಚ್ಚಿನ ಕೆಳಗೆ ಕತ್ತರಿಯಂತೆ ದಾಟಿಸಿ ಸಿಕ್ಕಿಸಿ, ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ. ತುರ್ತು ಬ್ರೇಕಿನ ತಂತಿ, ದೀಪದ ಪ್ಲಗ್ ಸೇರಿಸಿ, ಜಾಕಿ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿ ಮಾಡಿ, ಬ್ರೇಕ್ ದೀಪ ಮತ್ತು ಎಡ ಬಲದ ಸೂಚಕ ನೋಡಿ. ಅಡೆ ತೆಗೆಯುವುದು ಇದೆಲ್ಲ ಆದ ಮೇಲೆ, ಹ್ಯಾಂಡ್‌ಬ್ರೇಕ್ ಬಿಡುವುದು ಎಲ್ಲಕ್ಕಿಂತ ಕೊನೆಗೆ.

ಐದು ಮೀಟರ್ ಮುಂದೆ ಹೋಗಿ ಬ್ರೇಕ್ ಒತ್ತಿ ನಿಲ್ಲಿಸಿ, ಇಳಿದು ನಿಂತಿದ್ದ ಜಾಗವನ್ನು ನೋಡಿ. ಮರೆತ ಹಲಗೆ, ಅಡೆ, ಮರದ ತುಂಡು ಅಲ್ಲೇ ಕಾಣಿಸುತ್ತವೆ. 20-30 ಕಿ.ಮೀ. ಹೋದ ಮೇಲೆ ಅಗಲವಾದ ಜಾಗದಲ್ಲಿ ಒಮ್ಮೆ ನಿಲ್ಲಿಸಿ, ಕ್ಯಾರವಾನಿನ ಪ್ರತಿ ಚಕ್ರದ ನಡುಭಾಗದ ಹತ್ತಿರಕ್ಕೆ ಅಂಗೈಯ ಹಿಂಬದಿ ಒಯ್ಯಿರಿ. ಎಲ್ಲವೂ ಒಂದೇ ರೀತಿ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಕೆಡುತ್ತಿದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿಳಿದಿದೆಯೇ ಎಂದು ಮೊದಲು ನೋಡಿ. ಇಳಿದಿದ್ದೂ ಬಿಸಿಯಾಗಿದ್ದರೆ ಅಲ್ಲಿಂದ ಮುಂದಕ್ಕೆ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.